ಕರೆಯುವ ಮೊದಲೇ ಕಟ್ಟಿದ ಶಾಮಿಯಾನ

ಸಾವಿನ ಮನೆಗಳಿಗೆ ಶಾಮಿಯಾನ ಕಟ್ಟುವ ಗೂಟದಣ್ಣ ನೆಲ ನೋಡಿಕೊಂಡು ನಿಧಾನವಾಗಿ ಮನೆಯ ಮುಂದೆ ಹಾದುಹೋದ ಎಂದರೆ ಆ ಮನೆಯ ಮುದುಕರಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಎಲ್ಲಿ ಮಣ್ಣು, ಎಲ್ಲಿ ಕಲ್ಲು, ಗೂಟ ಎಲ್ಲಿ ಇಳಿದೀತು ಎಂದು ನೋಡುವುದು ಅವನ ಕಣ್ಣಿಗೆ ಅಂಟಿದ ಚಟ. ಅದರಲ್ಲಿ ಯಾರ ಸಾವನ್ನೂ ಬಯಸುವ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ಹಾಸಿಗೆ ಹಿಡಿದವರಿಗೆ ಅದನ್ನು ಹೇಳಿ ಒಪ್ಪಿಸುವವರು ಯಾರು? ಇಸ್ತ್ರಿಯಮ್ಮನ ಅತ್ತೆಯಂತೂ ಕಿಟಕಿಯಿಂದಲೇ ಕೂಗುತ್ತಿದ್ದಳು: "ನಂಗಿನ್ನೂ ಟೈಮಿದೆ, ಮುಂದಕ್ಕೆ ಹೋಗಯ್ಯಾ! ನಿನ್ನ ಗೂಟಕ್ಕೆ ಬೇರೆ ಮನೆ ನೋಡ್ಕೋ!" ಆಕೆ ತೀರಿಕೊಂಡ ದಿನ ಮೊದಲ ಗೂಟ ಬಿದ್ದದ್ದು ಅದೇ ಕಿಟಕಿಯ ಕೆಳಗೆ. ಹೊಡೆಯುವ ಮೊದಲು ಗೂಟದಣ್ಣ ಒಂದು ಕ್ಷಣ ತಲೆಯೆತ್ತಿ ನೋಡಿದ್ದ, ಬೈಗುಳ ಬಂದೀತೇನೋ ಎಂಬಂತೆ.

ಮದುವೆಗಳಿಗೆ ಶಾಮಿಯಾನ ಹಾಕುವವರು ಬೇರೆ ಇದ್ದರು. ಅವರ ಬಳಿ ಬಣ್ಣದ ಬಟ್ಟೆ, ಜಾಲರಿ, ದೀಪದ ಸರ ಎಲ್ಲ ಇತ್ತು. ಗೂಟದಣ್ಣನದು ಬೀದಿಯ ಕೆಲಸ. ತರಕಾರಿಯವಳಿಗೆ ಬಿಸಿಲು ತಾಗದಂತೆ ಒಂದು ಟಾರ್ಪಾಲು, ಇಸ್ತ್ರಿಯಮ್ಮನ ಮೇಜಿನ ಮೇಲೆ ಇನ್ನೊಂದು, ಸೋರುವ ಮಾಡಿಗೆ ಹೊದಿಸಲು ಮತ್ತೊಂದು. ಲಾರಿಯ ಸರಕು ಮುಚ್ಚುವುದಕ್ಕೂ ಅವನೇ ಬೇಕು, ನಲ್ಲಿ ನಿಂತ ಬೇಸಗೆಯಲ್ಲಿ ಎಲ್ಲಿಂದಲೋ ಒಂದು ಮಳೆ ಸುರಿದರೆ ಆ ನೀರನ್ನು ಡ್ರಮ್ಮಿಗೆ ಇಳಿಸುವುದಕ್ಕೂ ಅವನೇ ಬೇಕು. ಬೀದಿಯ ಜನ ತಮ್ಮ ಅಂಗಡಿ ಸಾಮಾನಿನ ಮೇಲೆ ಹೊದಿಸಿದ ಬಟ್ಟೆಯನ್ನು ನೋಡಿಯೂ ನೋಡದಂತೆ ಬದುಕುತ್ತಿದ್ದರು. ಅದು ಹರಿದಾಗ ಮಾತ್ರ ಅವನ ನೆನಪಾಗುತ್ತಿತ್ತು. ಇರಲಿ, ಅದಕ್ಕವನು ಬೇಜಾರು ಮಾಡಿಕೊಂಡವನಲ್ಲ.

ಸಾವಿನ ಮನೆಗೆ ಮಾತ್ರ ಅವನು ಕರೆಯುವ ತನಕ ಕಾಯುತ್ತಿರಲಿಲ್ಲ. ಎದೆ ಒಡೆದು ಅಳುವವರು ಎದ್ದುಬಂದು "ಕುರ್ಚಿ ಎಲ್ಲಿ ಹಾಕಿಸೋದು, ಬಿಸಿಲಿಗೇನು ಮಾಡೋದು" ಎಂದು ಯೋಚಿಸಬಾರದು. ಅವರು ಬಾಗಿಲು ತೆರೆದಾಗ ನೆರಳು ಅಲ್ಲಿರಬೇಕು. ಅದು ಅವನ ನಿಯಮ. ಆ ಶಾಮಿಯಾನ ಕಟ್ಟುವ ರೀತಿಯೇ ಬೇರೆ. ಸುತ್ತಲೂ ಪರದೆ ಇಲ್ಲ. ಇಳಿಜಾರು ಒಂದೇ ಕಡೆಗೆ, ಅದೂ ಬಾಗಿಲಿಗೆ ಬೆನ್ನು ಹಾಕಿ, ಹೊಸಿಲಿನ ಮೇಲೆ ಒಂದು ಹನಿ ಬೀಳಬಾರದು. ಬಾಗಿಲ ಕಡೆಯ ಹಗ್ಗಗಳು ಗಿಡ್ಡ, ಗೂಟ ಗೋಡೆಗೆ ಹತ್ತಿರ. ಹೆಣ ಹೊತ್ತವರು ಕೆಳಗೆ ನೋಡಿಕೊಂಡು ನಡೆಯುವುದಿಲ್ಲ, ಅವರ ಕಾಲಿಗೆ ಹಗ್ಗ ತೊಡರಬಾರದು.

ಈ ವಿದ್ಯೆಯೆಲ್ಲ ಗೂಟದಣ್ಣನ ಒಡಹುಟ್ಟಿದ ಅಣ್ಣನದು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅಣ್ಣನೇ ಅವನನ್ನು ಸಾಕಿದ, ಕೂಳು ಹಾಕಿದ, ಕೈಗೆ ಸುತ್ತಿಗೆ ಕೊಟ್ಟ. ಟಾರ್ಪಾಲಿನ ಅಂಚಿನಲ್ಲಿ ಹಗ್ಗ ಪೋಣಿಸುವ ಬಳೆ ಕಿತ್ತುಹೋದರೆ ಹೆದರಬೇಡ, ಒಂದು ನುಣುಪು ಕಲ್ಲನ್ನು ಬಟ್ಟೆಯೊಳಗೆ ಗಂಟು ಮಾಡಿ ಅದರ ಕುತ್ತಿಗೆಗೆ ಹಗ್ಗ ಬಿಗಿ, ಆನೆ ಎಳೆದರೂ ಬರಲ್ಲ ಎಂದು ತೋರಿಸಿಕೊಟ್ಟವನು ಅಣ್ಣ. ಹಗ್ಗದ ನಡುವೆ ಒಂದು ತುಂಡು ದಾರ ಕಟ್ಟಿ ಇಳಿಬಿಟ್ಟರೆ ಮಳೆನೀರು ಹಗ್ಗದ ಗುಂಟ ಒಳಗೆ ಬಾರದೆ ದಾರ ಹಿಡಿದು ನೆಲಕ್ಕಿಳಿಯುತ್ತದೆ ಎಂದವನೂ ಅಣ್ಣ. ಎಲ್ಲಕ್ಕಿಂತ ಹೆಚ್ಚಾಗಿ ಅವನು ತಮ್ಮನ ತಲೆಗೆ ತುಂಬಿದ ಪಾಠ ಒಂದಿತ್ತು.

"ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅದು ಬೇರೆಯವರಿಗೆ ಕಣೋ. ನಮ್ಮ ಕಸುಬಲ್ಲಿ ಗಾಳಿ ಕೇಳಿದ್ರೆ ಬಟ್ಟೆ ಕೊಟ್ಬಿಡಬೇಕು. ಬಟ್ಟೆ ಹೋದ್ರೆ ಹೊಲಿಬಹುದು. ಕಂಬ ಬಿದ್ರೆ ಆಳು ಹೋಗ್ತಾನೆ."

ಇಷ್ಟು ಕಲಿತವನು ಮಾಡಿದ್ದೇನು ಕೇಳಿ. ಒಂದು ಮಧ್ಯಾಹ್ನ ಅಣ್ಣತಮ್ಮ ಇಬ್ಬರೂ ಸಂತೆಯ ಮೈದಾನದಲ್ಲಿ ದೊಡ್ಡ ಶಾಮಿಯಾನ ಎಬ್ಬಿಸುತ್ತಿದ್ದರು. ಹೊಚ್ಚ ಹೊಸ ಬಟ್ಟೆ. ಅದರ ಅಂಚನ್ನು ತಮ್ಮನೇ ಕೂತು ಹೊಲಿದಿದ್ದ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ. ಅಣ್ಣ ನಡುಗಂಬದ ಬುಡದಲ್ಲಿದ್ದ, ತಮ್ಮ ಮೂಲೆಯ ಹಗ್ಗ ಹಿಡಿದಿದ್ದ. ಎಲ್ಲಿತ್ತೋ ಏನೋ, ಸುಂಟರಗಾಳಿ ಎದ್ದು ಬಟ್ಟೆಯ ಕೆಳಗೆ ನುಗ್ಗಿತು. ಬಟ್ಟೆ ಉಬ್ಬಿತು, ಕಂಬ ತನ್ನ ಗುಂಡಿಯಲ್ಲಿ ಕುಣಿಯಿತು.

"ಬಿಡೋ! ಹಗ್ಗ ಬಿಡೋ!" ಎಂದು ಅಣ್ಣ ಕೂಗಿದ.

ತಮ್ಮನಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೆ ಕೈ ಬಿಡಲಿಲ್ಲ. ಹೊಸ ಬಟ್ಟೆ, ತನ್ನ ಕೈಹೊಲಿಗೆ, ಇನ್ನೊಂದು ಕ್ಷಣ ತಡೆದರೆ ಗಾಳಿ ಹೋಗಿಬಿಡುತ್ತದೆ ಎಂಬ ಹುಂಬತನ. ಅವನು ಹಿಮ್ಮಡಿಯೂರಿ ಜಗ್ಗಿದ. ಬಿಟ್ಟಿದ್ದರೆ ಬಟ್ಟೆ ಹಾರಿ ಹೋಗುತ್ತಿತ್ತು, ಕಂಬ ನಿಲ್ಲುತ್ತಿತ್ತು. ಬಿಡದ್ದರಿಂದ ಬಟ್ಟೆ ಕಂಬವನ್ನು ಬುಡಸಮೇತ ಕಿತ್ತಿತು. ಅದು ಅಣ್ಣನ ಸೊಂಟದ ಮೇಲೆ ಅಡ್ಡ ಬಿತ್ತು. ಅಂದಿನಿಂದ ಅಣ್ಣ ಏನನ್ನಾದರೂ ಹಿಡಿದುಕೊಳ್ಳದೆ ಎದ್ದು ನಿಂತದ್ದೇ ಇಲ್ಲ.

ಆಸ್ಪತ್ರೆಯಲ್ಲಿ ಮಾತಾಡುವಷ್ಟು ಚೇತರಿಸಿಕೊಂಡಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ.

"ಬಿಡು ಅಂದೆನಲ್ಲೋ. ಕೇಳಿಸ್ಲಿಲ್ವಾ?"

ಮಂಚದ ಆಚೆ ಬದಿಯಲ್ಲಿ ಅತ್ತಿಗೆ ನಿಂತಿದ್ದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. ತಮ್ಮ ಅವಳನ್ನು ನೋಡಿದ, ಅಣ್ಣನ ಕಾಲುಗಳನ್ನು ನೋಡಿದ.

"ಇಲ್ಲ ಅಣ್ಣ. ಗಾಳಿಲಿ ಕೇಳಿಸ್ಲೇ ಇಲ್ಲ."

ಅಣ್ಣ ಅವನ ಮುಖವನ್ನೇ ತುಸು ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಆ ಮಾತು ಸುಳ್ಳೆಂದು ಅವನಿಗೆ ಗೊತ್ತಾಗಿತ್ತು, ಅವನಿಗೆ ಗೊತ್ತಾಯಿತೆಂದು ತಮ್ಮನಿಗೂ ಗೊತ್ತಾಗಿತ್ತು. ಅಲ್ಲಿಗೆ ಮಾತು ನಿಂತಿತು.

ಬೈದಿದ್ದರೆ, ಹೊಡೆದಿದ್ದರೆ, ಮನೆಯಿಂದ ಆಚೆಗೆ ಹಾಕಿದ್ದರೆ ಎಷ್ಟೋ ಮೇಲಿತ್ತು. ಅಣ್ಣ ಅದೇನನ್ನೂ ಮಾಡಲಿಲ್ಲ, ತಮ್ಮನೊಡನೆ ಮಾತು ಬಿಟ್ಟುಬಿಟ್ಟ. ಯಾಕೆ ಹೀಗೆ ಮಾಡ್ತೀರಿ ಎಂದು ಅತ್ತಿಗೆ ಜಗಳ ತೆಗೆದರೆ, "ಕಿವಿ ಕೇಳಿಸ್ದೇ ಇರೋನ ಹತ್ರ ಏನು ಮಾತಾಡ್ಲಿ?" ಎನ್ನುತ್ತಿದ್ದ, ಅಷ್ಟೇ. ಪಾಪ, ಅವಳು ಮೈದುನನ ಪರ ವಾದಿಸುತ್ತಿದ್ದಳು. "ಅಂಥ ಗಾಳಿಲಿ ಯಾರಿಗ್ರೀ ಕೇಳಿಸುತ್ತೆ? ಬೇಕು ಅಂತ ಮಾಡಿದ್ನಾ ಅವನು? ಹೆತ್ತ ಮಗನ ಹಾಗೆ ನೀವೇ ಸಾಕಿದ ತಮ್ಮನ ಮೇಲೆ ಇಷ್ಟು ಹಟ ಒಳ್ಳೇದಲ್ಲ." ವರ್ಷಗಟ್ಟಲೆ ವಾದಿಸಿದಳು. ಅಣ್ಣ ಅವಳಿಗೆ ನಿಜ ಹೇಳಲಿಲ್ಲ. ತಮ್ಮನ ಮಾನ ಕಾಯಲೆಂದೋ ಅಥವಾ ಅದನ್ನು ಅವನೇ ಬಾಯಿಬಿಟ್ಟು ಹೇಳಲಿ ಎಂದೋ, ಆ ಮನುಷ್ಯನ ಮನಸ್ಸನ್ನು ಬಲ್ಲವರಿಲ್ಲ.

ಕೆಲಸದ ಶೆಡ್ಡು ಒಂದೇ ಇತ್ತು. ಅಣ್ಣ ಅದರ ನಡುವೆ ಹಳೆಯದೊಂದು ಟಾರ್ಪಾಲನ್ನು ಮಾಡಿನಿಂದ ಇಳಿಬಿಡಿಸಿದ. ಆಚೆ ಅವನ ಮಂಚ, ಸೂಜಿ, ಮೇಣ ಸವರಿದ ದಾರ, ಬಳೆ ಕೂರಿಸುವ ಪುಟ್ಟ ಸುತ್ತಿಗೆ. ಈಚೆ ತಮ್ಮನ ಗೂಟ, ಕಂಬ, ಹಗ್ಗದ ಸುರುಳಿ. ತಮ್ಮ ಹರಿದ ಬಟ್ಟೆಯನ್ನು ಟಾರ್ಪಾಲಿನ ಅಡಿಯಿಂದ ಆ ಕಡೆಗೆ ತಳ್ಳುತ್ತಿದ್ದ. ಅದು ಹೊಲಿಸಿಕೊಂಡು, ಬಳೆ ಕೂರಿಸಿಕೊಂಡು, ಅಚ್ಚುಕಟ್ಟಾಗಿ ಮಡಚಿಕೊಂಡು ವಾಪಸು ಬರುತ್ತಿತ್ತು. ಒಂದು ದಿನವೂ ಒಂದು ಹೊಲಿಗೆ ತಪ್ಪಿ ಬಂದದ್ದಿಲ್ಲ. ಮಾತು ಬೇಕೇ ಬೇಕಾದರೆ ನಡುವೆ ಅತ್ತಿಗೆ ಇದ್ದಳು.

"ಅವನಿಗೆ ಹೇಳು, ಹಸಿ ಬಟ್ಟೆ ಮಡಚ್ಬೇಡ ಅಂತ. ಬೂಷ್ಟು ಹಿಡಿಯುತ್ತೆ."

"ಹಸಿ ಬಟ್ಟೆ ಮಡಚ್ಬೇಡ್ವಂತೆ ಕಣೋ," ಎಂದು ಅತ್ತಿಗೆ ಒಪ್ಪಿಸುತ್ತಿದ್ದಳು. ಇಬ್ಬರ ನಡುವೆ ಒಂದು ಬಟ್ಟೆ, ಮೊಳ ದೂರ. ಅವಳಿಗೂ ಕೆಲವೊಮ್ಮೆ ರೇಗುತ್ತಿತ್ತು: "ನಾನೇನು ನಿಮ್ಮಿಬ್ಬರ ಟೆಲಿಫೋನಾ?"

ತಮ್ಮ ಮದುವೆಯಾಗಲಿಲ್ಲ. ಊಟ ಅತ್ತಿಗೆಯ ಕೈಯದೇ. ಅವಳು ತಟ್ಟೆ ತಂದು ಈಚೆ ಇಟ್ಟು, ಅವನು ತಿಂದು ಮುಗಿಸುವ ತನಕ ಬೀದಿಯ ಸುದ್ದಿ ಹೇಳುತ್ತಿದ್ದಳು. ಅವನ ದಿನದ ಮಾತೆಲ್ಲ ಅದೇ. ಎಷ್ಟೋ ಸಲ ಅವನು ಎದ್ದು ಟಾರ್ಪಾಲಿನ ಹತ್ತಿರ ಹೋಗಿ ನಿಂತಿದ್ದುಂಟು. ಕೇಳಿಸಿತ್ತು ಅಣ್ಣ, ಸುಳ್ಳು ಹೇಳಿದೆ ಎಂದುಬಿಟ್ಟರೆ ಮುಗಿಯಿತು. ಆದರೆ ಆ ಶೆಡ್ಡಿನಲ್ಲಿ ಅತ್ತಿಗೆಯ ಕಿವಿ ತಪ್ಪಿಸಿ ಒಂದು ಮಾತೂ ಆಡುವಂತಿರಲಿಲ್ಲ. ಗಂಡನ ಸೊಂಟ ಮುರಿದದ್ದು ಗಾಳಿಯಲ್ಲ, ಇವನ ಹಟ ಎಂದು ಗೊತ್ತಾದ ಮೇಲೆ ಅವಳು ಆ ತಟ್ಟೆ ಇಡುತ್ತಾಳೆಯೇ? ಇಟ್ಟರೂ ಯಾವ ಮುಖ ಹೊತ್ತು ತಿನ್ನುವುದು? ಹೆದರಿಕೆ, ಅಷ್ಟೇ. ಅದಕ್ಕೆ ದೊಡ್ಡ ಹೆಸರು ಬೇಡ. ಅವನು ಕೆಮ್ಮಿ, ಹಗ್ಗದ ಸುರುಳಿ ಬಿಚ್ಚಿ ಮತ್ತೆ ಸುತ್ತಿ, ತನ್ನ ಜಾಗಕ್ಕೆ ಬರುತ್ತಿದ್ದ.

ಕಡೆಗೆ ಅಣ್ಣನ ಎದೆಯಲ್ಲಿ ನೀರು ತುಂಬಿತು. ಇನ್ನು ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ ಎಂದರು ವೈದ್ಯರು. ಅದರ ಅರ್ಥ ಎಲ್ಲರಿಗೂ ಗೊತ್ತು. ಅಣ್ಣನ ಮನೆ ಒಂದೇ ಕೋಣೆಯದು. ಅಂಗಳಕ್ಕೆ ತೆರೆಯುವ ಕಿಟಕಿಯ ಪಕ್ಕಕ್ಕೆ ಮಂಚ ಎಳೆದು ಅವನನ್ನು ದಿಂಬಿಗೆ ಒರಗಿಸಿದರು.

ಗೂಟದಣ್ಣ ಆ ದಿನ ಮನಸ್ಸು ಗಟ್ಟಿ ಮಾಡಿಕೊಂಡ. ಅತ್ತಿಗೆ ಏನಾದರೂ ಅಂದುಕೊಳ್ಳಲಿ, ಅಣ್ಣ ಹೋಗುವ ಮೊದಲು ಹೇಳಿಬಿಡಬೇಕು. ಅವನ ಬಾಯಿಂದ ಒಂದು ಮಾತು ಬರಬೇಕು, ಬೈಗುಳವಾದರೂ ಸರಿ. ಬೇರೆ ಕಡೆಯ ಕೆಲಸ ಮುಗಿಸಿ ತಳ್ಳುಗಾಡಿಯನ್ನು ನೇರ ಅಣ್ಣನ ಅಂಗಳಕ್ಕೇ ತಂದು ನಿಲ್ಲಿಸಿದ. ಅತ್ತಿಗೆ ಸೆರಗಿನಲ್ಲಿ ಔಷಧಿಯ ಖಾಲಿ ಬಾಟಲಿ ಹಿಡಿದು ಹೊರಡುತ್ತಿದ್ದಳು.

"ಈಗ ತಾನೇ ಕಣ್ಣು ಹತ್ತಿದೆ, ಎಬ್ಬಿಸ್ಬೇಡ," ಎಂದಳು. "ನಾನು ಅಂಗಡಿಗೆ ಹೋಗಿ ಬರ್ತೀನಿ. ಹೊರಗೇ ಕೂತಿರು. ಬಂದ್ಮೇಲೆ ಒಳಗೆ ಕರ್ಕೊಂಡು ಹೋಗ್ತೀನಿ. ಇವತ್ತು ನೀವಿಬ್ರೂ ಮಾತಾಡ್ಲೇಬೇಕು, ನಾನು ಬಿಡಲ್ಲ."

ಅವನು ಜಗಲಿಯ ಮೇಲೆ ಕೂತ. ಒಳಗಿನಿಂದ ಅಣ್ಣನ ಉಸಿರು ಕೇಳುತ್ತಿತ್ತು, ಹರಿದ ಬಟ್ಟೆ ಗಾಳಿಗೆ ಬಡಿದುಕೊಂಡ ಹಾಗೆ. ಎದುರಿನ ಮನೆಗಳ ಹಿಂದೆ ಮೋಡ ಕಪ್ಪಾಗುತ್ತಿತ್ತು. ಅಂಗಳದ ಮಣ್ಣು ಮೆತ್ತಗಿತ್ತು, ಗೋಡೆಯ ಬುಡದಲ್ಲಿ ಸ್ವಲ್ಪ ಜಲ್ಲಿ. ಜನ ಬಂದರೆ ಎಲ್ಲಿ ಕೂರುತ್ತಾರೆ? ಮಳೆ ಹಿಡಿದರೆ ನೀರು ಹೊಸಿಲಿಗೇ ಬರುತ್ತದೆ. ಊರಿಗೆಲ್ಲ ನೆರಳು ಕಟ್ಟಿದವನ ಅಣ್ಣ ನೆನೆದುಕೊಂಡು ಹೋಗಬೇಕೇ? ಇಷ್ಟು ಯೋಚನೆ ಬಂದದ್ದು ಅವನಿಗೆ ನೆನಪಿದೆ. ಆಮೇಲಿನದೆಲ್ಲ ಕೈಗಳೇ ಮಾಡಿದವು. ಎಷ್ಟೋ ಅಂಗಳಗಳಲ್ಲಿ ಪಳಗಿದ ಕೈಗಳು ಅವು. ಕಂಬ ನೆಟ್ಟವು, ಬಟ್ಟೆ ಹರಡಿದವು, ಅಳತೆ ನೋಡಿದವು, ಗೋಡೆಗೆ ಹತ್ತಿರವಾಗಿ ಗೂಟ ಇಟ್ಟು ಸುತ್ತಿಗೆ ಎತ್ತಿದವು.

ಬಾಗಿಲ ಬದಿಯ ಎರಡನೆಯ ಗೂಟ ಅರ್ಧ ಇಳಿದಾಗ ಒಳಗಿನ ಉಸಿರಾಟದ ಸದ್ದು ಬದಲಾಯಿತು. ಅಣ್ಣ ಎದ್ದಿದ್ದ.

ಗೂಟದಣ್ಣನ ಕೈ ಮೇಲೆಯೇ ನಿಂತುಹೋಯಿತು. ಅಯ್ಯೋ ನನ್ನ ಕರ್ಮವೇ, ಏನು ಮಾಡಿಬಿಟ್ಟೆ! ಬೇರೆ ಯಾವ ರೋಗಿಯಾದರೂ ಪಕ್ಕದ ಮನೆಯ ಸದ್ದು ಎಂದುಕೊಳ್ಳುತ್ತಿದ್ದ. ಆದರೆ ಈ ಸದ್ದಿನ ಲೆಕ್ಕ ಕಲಿಸಿದವನೇ ಒಳಗೆ ಮಲಗಿದ್ದಾನೆ. ಗೋಡೆಗೆ ಹತ್ತಿರ ಒಂದು ಗೂಟ, ಬಾಗಿಲು ದಾಟಿ ಇನ್ನೊಂದು. ಅದು ಎಂಥ ಶಾಮಿಯಾನವೆಂದು ಅವನಿಗೆ ಕಣ್ಣು ತೆರೆಯದೆಯೂ ಗೊತ್ತು. ಅಷ್ಟರಲ್ಲಿ ಅತ್ತಿಗೆ ಗೇಟು ತಳ್ಳಿಕೊಂಡು ಬಂದಳು. ಅಂಗಳ ನೋಡಿದಳು.

"ಉಸಿರಿದೆ ಕಣೋ ಇನ್ನೂ!" ಎಂದು ಕಿರುಚಿದಳು. "ಉಸಿರಾಡ್ತಿದಾರೆ ನಿಮ್ಮಣ್ಣ! ಕಣ್ಣೆದುರಿಗೇ ಕಟ್ತೀಯಲ್ಲೋ, ಮನುಷ್ಯನೇನೋ ನೀನು?"

"ಮಳೆ ಬರೋ ಹಾಗಿತ್ತು ಅತ್ತಿಗೆ..." ಅವನ ಬಾಯಿಗೆ ಬಂದದ್ದು ಅಷ್ಟೇ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಬಗ್ಗಿ ಗೂಟ ಕೀಳತೊಡಗಿದ.

ಅತ್ತಿಗೆ ಒಳಗೆ ಹೋದಳು. ಏನೋ ಪಿಸುಮಾತಾಯಿತು. ಮತ್ತೆ ಬಾಗಿಲಿಗೆ ಬಂದಾಗ ಅವಳ ಮುಖ ಬಿಳುಚಿಕೊಂಡಿತ್ತು. "ಬಿಚ್ಚಬೇಡ್ವಂತೆ. ಪೂರ್ತಿ ಕಟ್ಟಿ ಮುಗಿಸ್ಬೇಕಂತೆ." ಎಂದಿನಂತೆ ಅವಳ ಬಾಯಿಂದಲೇ.

ಅವನು ಕಟ್ಟಿ ಮುಗಿಸಿದ. ಅಣ್ಣ ಕಿಟಕಿಯಿಂದ ನೋಡುತ್ತಿದ್ದಾನೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಎಂಥ ಕೆಲಸ! ಕಣ್ಣೀರು ಒರೆಸಿಕೊಳ್ಳುತ್ತ ಗಂಟು ಬಿಗಿದ, ಹಗ್ಗಕ್ಕೆ ದಾರ ಇಳಿಬಿಟ್ಟ. ಅಷ್ಟರಲ್ಲಿ ಮಳೆ ಬಿತ್ತು. ಬಟ್ಟೆಯ ಮೇಲೆ ಹನಿಗಳು ದಬದಬ ಬಡಿಯತೊಡಗಿದವು. ಅವನು ಕೆಳಗೆ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಬಾಗಿಲ ಕಡೆ ನೋಡಿದ.

ಆಗ ಕಿಟಕಿಯಿಂದ ಧ್ವನಿ ಬಂತು. ಬತ್ತಿದ ಧ್ವನಿ, ಆದರೆ ಅಣ್ಣನದೇ.

"ಲೋ. ಕಿಟಕಿ ಕಡೆ ಹಗ್ಗ ಸಡಿಲ. ಬಟ್ಟೆ ಹೊಟ್ಟೆ ಬಿಡ್ತಿದೆ ನೋಡು."

ಅತ್ತಿಗೆಗೆ ಹೇಳಿದ್ದಲ್ಲ. ಅವನಿಗೇ ಹೇಳಿದ್ದು. ಲೋ ಎಂದು ಕರೆದು ಹೇಳಿದ್ದು. ಗೂಟದಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆಯ್ತಣ್ಣ! ಈಗ್ಲೇ!" ಎಂದು ಮಳೆಗೆ ಓಡಿದ. ಗೂಟ ಕಿತ್ತು, ಒಂದು ಗೇಣು ಹಿಂದಕ್ಕೆ ಸರಿಸಿ, ಓರೆಯಾಗಿ ಇಟ್ಟು ಹೊಡೆದ. ಒಂದೊಂದು ಏಟಿಗೂ ಎದೆಯಲ್ಲಿ ಕಟ್ಟಿಕೊಂಡದ್ದು ಸಡಿಲಾಯಿತು. ಮಳೆಯ ಸದ್ದಿಗೆ ಮೆಲ್ಲಗೆ ಹೇಳಿದರೆ ಒಳಗೆ ಕೇಳುವಂತಿರಲಿಲ್ಲ. ಅವನು ಕಿಟಕಿಗೆ ಮುಖ ಮಾಡಿ ಗಂಟಲು ಹರಿಯುವಂತೆ ಕೂಗಿದ.

"ಕೇಳಿಸ್ತು ಅಣ್ಣಾ! ಅವತ್ತೂ ಕೇಳಿಸಿತ್ತು! ಬಿಡು ಅಂದಿದ್ದು ಕೇಳಿಸಿತ್ತು, ನಾನೇ ಬಿಡ್ಲಿಲ್ಲ! ಸುಳ್ಳು ಹೇಳ್ದೆ ಅಣ್ಣಾ!"

ಹಗ್ಗ ಎಳೆದು ಗಂಟು ಹಾಕಿದ. ಬಟ್ಟೆ ತಂತಿಯಂತೆ ಬಿಗಿಯಾಯಿತು, ನಿಂತ ನೀರೆಲ್ಲ ಒಮ್ಮೆಗೇ ಆಚೆ ಸುರಿಯಿತು.

"ಈಗ ಸರಿಯಾಯ್ತಾ ಅಣ್ಣ?"

ಉತ್ತರ ಬರಲಿಲ್ಲ. "ಅಣ್ಣಾ, ಸರಿಯಾಯ್ತಾ?" ಎಂದು ಇನ್ನೊಮ್ಮೆ ಕೇಳಿದ. ಗಂಟು ಗಟ್ಟಿಯಿದ್ದರೂ ಮತ್ತೊಮ್ಮೆ ಎಳೆದು ನೋಡಿದ.

ಅತ್ತಿಗೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಅವಳು ಅಳುತ್ತಿರಲಿಲ್ಲ.

"ಹೋದ್ರು," ಎಂದಳು. "ನೀನು ಈ ಕಿಟಕಿ ಕಡೆ ಗೂಟ ಕೀಳ್ತಾ ಇದ್ಯಲ್ಲ, ಆಗ್ಲೇ ಹೋದ್ರು."

ಅವನು ಸುತ್ತಿಗೆ ಹಿಡಿದೇ ಎರಡು ಹೆಜ್ಜೆ ಮುಂದೆ ಬಂದ. "ಅತ್ತಿಗೆ, ನಾನು ಹೇಳಿದ್ದು... ಅಣ್ಣನಿಗೆ..."

"ಅವರಿಗೆ ಕೇಳಿಸ್ಲಿಲ್ಲ," ಎಂದಳು ಅತ್ತಿಗೆ. "ನನಗೆ ಕೇಳಿಸ್ತು."

ಅವಳು ಅವನನ್ನು ನೋಡಿದ ರೀತಿ ಅವನಿಗೆ ಹೊಸದಲ್ಲ. ಆಸ್ಪತ್ರೆಯ ಮಂಚದಿಂದ ಅಣ್ಣ ಹಾಗೆಯೇ ನೋಡಿದ್ದ. ಆಮೇಲೆ ಅವಳು ಒಳಗೆ ತಿರುಗಿಕೊಂಡಳು, ಅವಳ ಅಳು ಅಂಗಳಕ್ಕೆ ಕೇಳಿಸಿತು. ಅವನು ಹೊಸಿಲು ದಾಟಲಿಲ್ಲ.

ಬೀದಿಯವರು ಒಬ್ಬೊಬ್ಬರಾಗಿ ಬಂದರು. ಕುರ್ಚಿ ಬಂದವು. ಮಳೆ ಬಿಡಲಿಲ್ಲ, ಆದರೆ ಶಾಮಿಯಾನದ ಕೆಳಗೆ ಯಾರ ಮೇಲೂ ಒಂದು ಹನಿ ಬೀಳಲಿಲ್ಲ. ತಮ್ಮ ಇದ್ರೆ ಹೀಗಿರ್ಬೇಕು, ಎಷ್ಟು ಬೇಗ ಕಟ್ಟಿದಾನೆ ನೋಡಿ ಎಂದು ಯಾರೋ ಮೆಚ್ಚಿಕೊಂಡರು. ಗೂಟದಣ್ಣ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ. ಇಸ್ತ್ರಿಯಮ್ಮ ಅತ್ತಿಗೆಯನ್ನು ತೋಳು ಹಿಡಿದು ಹೊರಗೆ ಕರೆತಂದು ಹೊಸಿಲ ಬಳಿಯ ಕುರ್ಚಿಯಲ್ಲಿ ಕೂರಿಸಿದಳು. ಅತ್ತಿಗೆ ತಲೆಯೆತ್ತಿ ಬಟ್ಟೆಯನ್ನು ನೋಡಿದಳು. ಆಚೆ ಮೂಲೆಯಲ್ಲಿ ಬಟ್ಟೆ ತುಸು ಜೋತು ನೀರು ಸೇರುತ್ತಿತ್ತು.

ಅವಳು ಇಸ್ತ್ರಿಯಮ್ಮನ ಕಡೆ ತಿರುಗಿದಳು. "ಅವನಿಗೆ ಹೇಳು, ಆ ಮೂಲೆಲಿ ನೀರು ನಿಲ್ತಿದೆ ಅಂತ."

ಇಸ್ತ್ರಿಯಮ್ಮನಿಗೆ ಅರ್ಥವಾಗಲಿಲ್ಲ. ಗೂಟದಣ್ಣ ನಿಂತದ್ದು ಅತ್ತಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ. "ಇಲ್ಲೇ ಇದಾನಲ್ಲಮ್ಮ?" ಎಂದಳು. ಅತ್ತಿಗೆ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಇಸ್ತ್ರಿಯಮ್ಮ ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಅವನಿಗೇ ಹೇಳಿದಳು.

"ಆ ಮೂಲೆಲಿ ನೀರು ನಿಲ್ತಿದ್ಯಂತೆ ಕಣಪ್ಪ."

ಗೂಟದಣ್ಣ ಕೋಲು ತೆಗೆದುಕೊಂಡು ಹೋಗಿ ಬಟ್ಟೆಯನ್ನು ಕೆಳಗಿನಿಂದ ಎತ್ತಿದ. ನೀರು ಸುರಿದು ಹೋಯಿತು. ಮಳೆ ಜೋರಾಗಿತ್ತು, ಮತ್ತೆ ತುಂಬುತ್ತದೆ. ಅವನು ಕೋಲು ಹಿಡಿದು ಅಲ್ಲೇ ನಿಂತ.